ಎಚ್ಚರದಲ್ಲಿ ಹೇಳಬೇಕಾದ ಹೆಸರು

ಕುಳಗೇರಿ ಕ್ರಾಸ್
೮-೧-೨೦೨೫, ಬುಧವಾರ

ನಮ್ಮ ಮನೆಯವರಿಗೆ ಮಲ್ಲಮ್ಮ ಮಾಡುವ ಶರಣು.

ಮೊದಲು ನಿಮ್ಮ ಮೊಣಕಾಲು ಹೇಗಿದೆ, ಅದನ್ನು ಹೇಳಿ. ಹೋದ ಸಲ ಹಿಟ್ಟು ಮುಟ್ಟಿಸಲು ಕುರಿಯ ಹತ್ತಿರ ಬಂದಿದ್ದ ಹುಲ್ಲಪ್ಪ ತಿರುಗಿ ಬಂದವನೇ, ‘ಅಣ್ಣ ಸ್ವಲ್ಪ ಕುಂಟತಾನ, ಭಾಳ ಏನಿಲ್ಲ’ ಅಂದ. ನಿಮ್ಮ ಕಾಕಾನ ಮಗನ ‘ಭಾಳ ಏನಿಲ್ಲ’ ನನಗೆ ಗೊತ್ತಿಲ್ಲದ್ದೇ? ಬೈಕಿನಿಂದ ಬಿದ್ದು ಕೈ ಮುರಿದುಕೊಂಡಾಗಲೂ ಅವನು ಅದನ್ನೇ ಅಂದಿದ್ದ. ಚೀಲದಲ್ಲಿ ಎಣ್ಣೆ ಇಟ್ಟಿದ್ದೇನೆ, ಬಿಸಿ ಮಾಡಿ ಹಚ್ಚಿಕೊಳ್ಳಿ, ಕುದುರೆಯ ಗಾಯಕ್ಕೆ ಸುರಿದು ಮುಗಿಸಬೇಡಿ. ಸಜ್ಜೆ ರೊಟ್ಟಿ ಅತ್ತೆ ಬಡಿದದ್ದು, ಎಳ್ಳು ಹಚ್ಚಿದ್ದಾರೆ, ಒಣಗಿವೆ, ಹದಿನೈದು ದಿನ ಏನೂ ಆಗುವುದಿಲ್ಲ. ಶೇಂಗಾ ಹಿಂಡಿ ನಾನು ಕುಟ್ಟಿದ್ದು. ಒಲೆಯ ಹತ್ತಿರ ನನ್ನನ್ನು ಬಿಡುವುದಿಲ್ಲ, ಒರಳಿನ ಹತ್ತಿರ ಬಿಡುತ್ತಾರೆ. ಖಾರ ಹೆಚ್ಚಾಗಿದ್ದರೆ ಸಿಟ್ಟಿನಲ್ಲಿ ಕುಟ್ಟಿದ್ದಾಳೆ ಎಂದು ತಿಳಿಯಿರಿ. ಸಿಟ್ಟು ಯಾರ ಮೇಲೆ ಎಂಬುದನ್ನು ಮುಂದೆ ಬರೆಯುತ್ತೇನೆ.

ಕೈಯಲ್ಲಿ ಫೋನಿದ್ದೂ ಇವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ನೀವು ಯಾವುದೋ ದಿಬ್ಬ ಹತ್ತಿ ಫೋನು ಹಚ್ಚುತ್ತೀರಿ. ಅತ್ತೆ ‘ದೊಡ್ಡ ದನಿ ಬರೂ ಹಂಗ ಮಾಡ’ ಅಂದು ಎದುರಿಗೇ ಕೂಡುತ್ತಾರೆ. ಅವರು ಕುರಿ ಕೇಳಿ, ಮೇವು ಕೇಳಿ, ಎಷ್ಟು ಮರಿ ಹಾಕಿದವು ಕೇಳಿ, ನನ್ನ ಪಾಳಿ ಬರುವ ಹೊತ್ತಿಗೆ ನೀವು ಬರೀ ಹಲೋ ಹಲೋ ಆಗಿರುತ್ತೀರಿ. ಮೇಲಾಗಿ ಫಿಟ್ಸ್ ಬಂದುಹೋದ ದಿನ ನನಗೆ ಮಾತು ಸಿಗುವುದಿಲ್ಲ. ತಂಬಿಗೆ ಅನ್ನಬೇಕಾದಲ್ಲಿ ‘ಅದು, ಅದು’ ಅನ್ನುತ್ತೇನೆ. ಹೋದ ಶುಕ್ರವಾರ ನೀವು ಎರಡು ಸಲ ನನ್ನನ್ನು ಮಾತಾಡಿಸಿದಿರಿ, ನಾನು ಸುಮ್ಮನಿದ್ದೆ. ‘ಸಿಟ್ಟಿನ್ಯಾಗ ಅದಾಳ ತಗೊ’ ಎಂದು ಅವ್ವನಿಗೆ ಹೇಳಿ ನೀವು ಫೋನಿಟ್ಟಿರಿ. ಸಿಟ್ಟಿರಲಿಲ್ಲ. ಮಧ್ಯಾಹ್ನವಷ್ಟೇ ಫಿಟ್ಸ್ ಬಂದುಹೋಗಿತ್ತು. ನಿಮಗೆ ಹೇಳಬೇಕಾದ ಮಾತನ್ನು ಹುಡುಕುತ್ತ ಕೂತಿದ್ದೆ, ಅದು ಸಿಗುವಷ್ಟರಲ್ಲಿ ನೀವು ಇರಲಿಲ್ಲ. ಕಾಗದವಾದರೆ ನಾನು ಮಾತು ಹುಡುಕುವ ತನಕ ಕಾಯುತ್ತದೆ. ಸಾಲೆಯಲ್ಲಿ ಕಲಿಸಿದ ಭಾಷೆಯಲ್ಲಿ ಬರೆದಿದ್ದೇನೆ, ನಗಬೇಡಿ. ಇದನ್ನು ಹಿಟ್ಟಿನ ಚೀಲದಲ್ಲಿ ಇಡುತ್ತೇನೆ. ಮೇಲೆ ಹೆಸರು ಬರೆದಿಲ್ಲ, ಆದರೂ ನಿಮಗೇ ಮುಟ್ಟುತ್ತದೆ.

ಈಗ ದವಾಖಾನೆಯ ಸುದ್ದಿ. ನಾನೂ ಅತ್ತೆಯೂ ಅಲ್ಲಿ ಐದು ದಿನ ಇದ್ದೆವು. ತಲೆಯ ತುಂಬ ವೈರು ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಫಿಟ್ಸ್ ಬರಲಿ ಎಂದು ಕಾದರು. ಏಳು ವರ್ಷ ಎಲ್ಲರೂ ಅದು ಬರದಿರಲಿ ಎಂದು ಕಾದರೆ ಇವರು ಬರಲಿ ಎಂದು ಕಾಯುತ್ತಾರಲ್ಲ ಎಂದು ಅತ್ತೆಗೆ ಭಾರೀ ಸೋಜಿಗ. ಎರಡನೆಯ ದಿನ ಬಂತು. ಅತ್ತೆ ಹಳೆಯ ರೂಢಿಯಂತೆ ನನ್ನ ಕೈಗೆ ಕಬ್ಬಿಣ ಹಿಡಿಸಬೇಕೆಂದು ಅಲ್ಲಿದ್ದ ಸಲಾಯಿನ್ ಕಂಬವನ್ನೇ ಎಳೆಯಲು ಹೋಗಿ ನರ್ಸಿನಿಂದ ಬೈಸಿಕೊಂಡರು. ಆಮೇಲೆ ದೊಡ್ಡ ಡಾಕ್ಟರು ಕರೆದು ಹೇಳಿದರು. ನನ್ನ ತಲೆಯ ಎಡಗಡೆ ಒಂದು ಹಳೆಯ ಗಾಯದ ಕಲೆ ಇದೆಯಂತೆ. ಸಣ್ಣವಳಿದ್ದಾಗ ಜ್ವರ ತಲೆಗೇರಿತ್ತಲ್ಲ, ಅದರದ್ದು ಇರಬಹುದಂತೆ. ಫಿಟ್ಸ್ ಹುಟ್ಟುವುದು ಅಲ್ಲಿಂದ. ಗುಳಿಗೆಗಳೆಲ್ಲ ಆದವು, ಇನ್ನು ಆ ಜಾಗವನ್ನು ಕತ್ತರಿಸಿ ತೆಗೆಯಬಹುದು. ಆದರೆ ಮಾತಿನ ಜಾಗ ಅದಕ್ಕೆ ಹತ್ತಿಕೊಂಡೇ ಇದೆ. ಕೂದಲೆಳೆಯಷ್ಟು ಆಚೆ ಹೋದರೆ ಮಾತು ಹೋಗುತ್ತದೆ, ಈಚೆ ಉಳಿದರೆ ಫಿಟ್ಸ್ ಉಳಿಯುತ್ತದೆ. ಇದನ್ನು ಅವರು ಬಹಳ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಆಪರೇಷನ್‌ಗೆ ಅರವಳಿಕೆ ಕೊಡುವ ಡಾಕ್ಟರು ಬೇರೆ. ನಿಖತ ಎಂದು ಹೆಸರು, ಇಳಕಲ್ಲಿನವರು. ಬಾಯಿ ತೆರೆದ ಕೂಡಲೇ ನಮ್ಮ ಕಡೆಯ ಮಾತು ಬಂತು ನೋಡಿ, ಅಷ್ಟು ದೊಡ್ಡ ಕಟ್ಟಡದಲ್ಲಿ ನನಗೆ ಒಂದು ಕಿಟಕಿ ತೆರೆದಂತಾಯಿತು. ಎರಡು ದಾರಿ ಇವೆ ಎಂದು ಕೂಡಿಸಿಕೊಂಡು ಹೇಳಿದರು. ಒಂದು, ಪೂರ್ತಿ ನಿದ್ರೆ. ಮಲಗಿಸಿದ್ದೂ ಗೊತ್ತಾಗುವುದಿಲ್ಲ, ತೆಗೆದದ್ದೂ ಗೊತ್ತಾಗುವುದಿಲ್ಲ, ಎದ್ದಾಗ ಎಲ್ಲ ಮುಗಿದಿರುತ್ತದೆ. ಆದರೆ ಮಲಗಿದವಳು ಮಾತಾಡುವುದಿಲ್ಲವಲ್ಲ, ಹಾಗಾಗಿ ಮಾತಿನ ಜಾಗದ ಅಂಚು ಅವರಿಗೆ ನಿಖರವಾಗಿ ಸಿಗುವುದಿಲ್ಲ. ಅಂಜಿ ಅಂಜಿ ಕಡಿಮೆ ತೆಗೆಯುತ್ತಾರೆ. ಇನ್ನೊಂದು, ನಡುವೆ ಎಚ್ಚರ. ಮೊದಲು ನಿದ್ರೆ ಬರಿಸಿ, ತಲೆಯ ಚರ್ಮವನ್ನು ಇಂಜೆಕ್ಷನ್‌ನಿಂದ ಜೋಮು ಹಿಡಿಸಿ, ತಲೆ ತೆರೆಯುತ್ತಾರೆ. ಆಮೇಲೆ ಎಬ್ಬಿಸುತ್ತಾರೆ. ಮೆದುಳಿಗೆ ಮಾತ್ರ ನೋವು ತಿಳಿಯುವುದಿಲ್ಲವಂತೆ. ಮೈಯೆಲ್ಲದರ ನೋವು ಅದಕ್ಕೆ ತಿಳಿಯುತ್ತದೆ, ತನ್ನದು ತನಗೆ ತಿಳಿಯುವುದಿಲ್ಲ. ಥೇಟ್ ನಿಮ್ಮ ಅವ್ವನ ಹಾಗೆ. ಎದ್ದ ಮೇಲೆ ನನ್ನ ಎದುರಿಗೆ ಒಂದೊಂದೇ ಚಿತ್ರ ಹಿಡಿಯುತ್ತಾರೆ, ನಾನು ಹೆಸರು ಹೇಳಬೇಕು. ದೊಡ್ಡ ಡಾಕ್ಟರು ಸಣ್ಣ ಕರೆಂಟು ಮುಟ್ಟಿಸುತ್ತ ಹೋಗುತ್ತಾರೆ. ಎಲ್ಲಿ ಮುಟ್ಟಿದಾಗ ನನ್ನ ಮಾತು ನಿಲ್ಲುತ್ತದೋ ಅದು ಮಾತಿನ ಜಾಗ, ಅದನ್ನು ಬಿಟ್ಟು ಉಳಿದದ್ದನ್ನು ತೆಗೆಯುತ್ತಾರೆ. ನಂತರ ಮತ್ತೆ ನಿದ್ರೆ.

‘ಮನಸ್ಸ ಗಟ್ಟಿ ಇಲ್ಲದವ್ರಿಗೆ ನಾ ಇದನ್ನ ಹೇಳಂಗಿಲ್ಲ ಮಲ್ಲಮ್ಮ’ ಅಂದರು. ‘ತಲಿ ಅಳ್ಳಾಡಿಸಾಕ ಬರಂಗಿಲ್ಲ. ನಡಕ ಫಿಟ್ಸ್ ಬಂದರೂ ಬರಬಹುದು, ಬಂದ್ರ ತಣ್ಣನ ನೀರ ಹಾಕಿ ನಿಲ್ಲಸ್ತಾರ. ನೀವು ಅಂಜಿದ್ರ ಅಲ್ಲೇ ನಿದ್ದಿ ಬರಸ್ತೇನಿ, ಹಟ ಇಲ್ಲ. ನಾ ನಿಮ್ಮ ಮುಖದ ಹತ್ರನ ಕುಂತಿರ್ತೇನಿ.’ ತಲೆಯ ಈಚೆಗೆ ಹಸಿರು ಬಟ್ಟೆಯ ಪರದೆ ಕಟ್ಟುತ್ತಾರಂತೆ, ಅದರೊಳಗೆ ನಾನು, ಅವರು, ಚಿತ್ರ ಹಿಡಿಯುವ ಹುಡುಗಿ. ಅಡವಿಯಲ್ಲಿ ನಾಲ್ಕು ಕೋಲು ನೆಟ್ಟು ಕಂಬಳಿ ಹೊದಿಸಿ ನೀವು ನನಗೆ ಗೂಡು ಮಾಡಿಕೊಡುತ್ತಿದ್ದಿರಲ್ಲ, ನನಗೆ ಅದೇ ನೆನಪಾಯಿತು. ಅವರಿಗೆ ಹೇಳಲಿಲ್ಲ.

ಅತ್ತೆಯದು ಒಂದೇ ಮಾತು. ‘ಪೂರಾ ನಿದ್ದಿ ಬರಿಸಿ ಮಾಡ್ರಿ. ಕಣ್ಣ ಬಿಟ್ಕೊಂಡ ಯಾರರೆ ತಲಿ ಬಿಚ್ಚಿಸ್ಕೋತಾರೇನ?’ ಅವರ ಅಂಜಿಕೆ ಖರೆಯದು, ಅದಕ್ಕೆ ನಾನು ಎದುರಾಡಲಿಲ್ಲ. ನಿಮ್ಮನ್ನು ಕೇಳೋಣವೆಂದು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆವು. ನೀವೇನಂದಿರಿ ನೆನಪಿದೆಯೇ? ‘ಆಕಿಗಿ ಹೆಂಗ ಛಲೋ ಅನಸ್ತೈತಿ ಹಂಗ ಮಾಡ್ಲಿ.’ ಹಿಂಡಿಯ ಖಾರ ಈ ಮಾತಿಗೆ ಸೇರಿದ್ದು. ಒಂದು ಟಗರು ಮಾರಬೇಕಾದರೆ ಅಮೀನಗಡದ ಸಂತೆಯಲ್ಲಿ ಹತ್ತು ಮಂದಿಯನ್ನು ಕೇಳುತ್ತೀರಿ, ಹಲ್ಲು ನೋಡಿಸುತ್ತೀರಿ, ಬೆನ್ನು ಹಿಚುಕಿಸುತ್ತೀರಿ. ನನ್ನ ತಲೆಯ ವಿಷಯ ಬಂದಾಗ ನನಗೆ ಬಿಟ್ಟುಬಿಟ್ಟಿರಿ. ಅದು ನನ್ನ ಮೇಲಿನ ನಂಬಿಕೆ ಎಂದು ಹುಲ್ಲಪ್ಪ ನಿಮ್ಮ ಪರವಾಗಿ ವಕೀಲಿ ಮಾಡಿದ. ಇರಬಹುದು. ಆದರೆ ನನಗೆ ನಂಬಿಕೆ ಬೇಕಾಗಿರಲಿಲ್ಲ, ಜೊತೆಗೆ ಕೂತು ಅಂಜುವವರು ಬೇಕಾಗಿದ್ದರು. ಆ ದಿನ ಮೆಟ್ಟಿಲ ಮೇಲೆ ನನ್ನಷ್ಟು ಒಬ್ಬಂಟಿ ಯಾರೂ ಇರಲಿಲ್ಲ ಎಂದು ಅನ್ನಿಸಿತು. ಬರೆದುಬಿಟ್ಟೆ, ಮನಸ್ಸು ಹಗುರಾಯಿತು, ನೀವು ಅದನ್ನು ದೊಡ್ಡದು ಮಾಡಿಕೊಳ್ಳಬೇಡಿ.

ನಡುವೆ ಎಚ್ಚರವಿರುವ ದಾರಿಗೇ ಒಪ್ಪಿ ಸಹಿ ಮಾಡಿ ಬಂದಿದ್ದೇನೆ. ಯಾಕೆಂದು ಕೇಳಿ. ಮದುವೆಯಾಗಿ ಐದು ವರ್ಷ ನಾನು ನಿಮ್ಮ ಜೊತೆ ಕುರಿಯ ಹಿಂದೆ ನಡೆದವಳು. ಹುನಗುಂದದ ಎರೆ ಹೊಲಗಳಲ್ಲಿ ಹಿಂಡು ನಿಲ್ಲಿಸಿದಾಗ ಬೆಳಗಿನ ಜಾವ ಇಬ್ಬನಿಗೆ ಕಂಬಳಿ ತೊಯ್ದು ಭಾರವಾಗುತ್ತಿತ್ತು, ನೀವು ಮರಿಯೊಂದನ್ನು ನನ್ನ ಮಡಿಲಿಗೆ ಹಾಕಿ ‘ಹಿಡಿ, ಬೆಚ್ಚಗ ಆಗ್ತಿ’ ಅನ್ನುತ್ತಿದ್ದಿರಿ. ಆಮೇಲೆ ಆ ಸಂಜೆ ಮೂರು ಕಲ್ಲಿನ ಒಲೆಯ ಮುಂದೆ ನನಗೆ ಮೊದಲ ಫಿಟ್ಸ್ ಬಂತು, ಕೈ ಬೆಂಕಿಯಲ್ಲಿ ಬಿತ್ತು. ನೀವೇ ಎಳೆದಿರಿ, ನೀವೇ ಅತ್ತಿರಿ, ಮರುದಿನ ನೀವೇ ನನ್ನನ್ನು ಬಸ್ಸು ಹತ್ತಿಸಿದಿರಿ. ‘ಬೆಂಕಿ, ನೀರು, ಅಡವಿ, ಮೂರೂ ನಿನಗ ಬ್ಯಾಡ’ ಅಂದಿರಿ. ತಪ್ಪಲ್ಲ. ಆದರೆ ಅಂದಿನಿಂದ ನನ್ನ ಪಾಲಿಗೆ ಉಳಿದದ್ದು ಒಂದು ಹೊಸ್ತಿಲು. ಹೊಸ್ತಿಲಲ್ಲಿ ಕೂತರೆ ಕ್ರಾಸಿನಲ್ಲಿ ನಿಂತು ಹೋಗುವ ಬಸ್ಸುಗಳು ಕಾಣುತ್ತವೆ. ನರಗುಂದಕ್ಕೆ, ಬಾದಾಮಿಗೆ, ಬಾಗಲಕೋಟೆಗೆ. ಇಳಿದವರು ಚಹಾ ಕುಡಿಯುತ್ತಾರೆ, ಹತ್ತಿ ಹೋಗುತ್ತಾರೆ. ಪರಿಚಯದವರು ದೂರದಿಂದ ಕೈ ಎತ್ತುತ್ತಾರೆ, ಹತ್ತಿರ ಬಂದು ಕೂಡುವುದಿಲ್ಲ. ತಮ್ಮ ಕಣ್ಣೆದುರಿಗೇ ನನಗೆ ಬಂದುಬಿಟ್ಟರೆ ಏನು ಮಾಡುವುದೆಂದು ಅವರಿಗೆ ಹೆದರಿಕೆ. ಇಡೀ ದಿನ ಅತ್ತೆಯನ್ನು ಬಿಟ್ಟು ಯಾರ ಜೊತೆಗೂ ಮಾತಿಲ್ಲದೆ ಸೂರ್ಯ ಮುಳುಗಿದ ದಿನಗಳು ಬಹಳ ಇವೆ. ನೀವು ಕುರಿಯ ಜೊತೆಗಾದರೂ ಮಾತಾಡುತ್ತೀರಿ. ಅಂಜಿ ಅಂಜಿ ಅರ್ಧ ತೆಗೆದು, ಅರ್ಧ ಫಿಟ್ಸ್ ಉಳಿದರೆ ನನಗೆ ಇದೇ ಹೊಸ್ತಿಲು. ನನಗೆ ಪೂರ್ತಿ ಹೋಗಬೇಕು. ಮುಂದಿನ ದೀಪಾವಳಿಗೆ ಹಿಂಡು ಹೊರಡುವಾಗ ಕುದುರೆಯ ಹಗ್ಗ ನನ್ನ ಕೈಯಲ್ಲಿರಬೇಕು. ಇಷ್ಟೇ ನನ್ನ ಆಸೆ, ಇದಕ್ಕಾಗಿ ಎಚ್ಚರವಿರುತ್ತೇನೆ.

ಇನ್ನು ನಾನು ಮಾಡಿದ ಫಜೀತಿ ಕೇಳಿ. ಆಪರೇಷನ್‌ಗೆ ಮೊದಲು ನನ್ನ ಮಾತು ಎಷ್ಟು ಸರಿ ಇದೆ ಎಂದು ನೋಡಬೇಕಂತೆ. ಮೈಸೂರು ಕಡೆಯ ಒಬ್ಬ ಹುಡುಗಿ, ಒಳ್ಳೆಯ ಹುಡುಗಿ, ಚಿತ್ರ ತೋರಿಸುತ್ತ ಹೋದಳು. ಬೀಗ, ಬಾಚಣಿಗೆ, ಬಾಳೆಹಣ್ಣು, ಎಲ್ಲ ಹೇಳಿದೆ. ಆಡಿನ ಚಿತ್ರಕ್ಕೆ ‘ಆಡು’ ಅಂದೆ, ಅವಳು ಮೇಕೆ ಎಂದು ಕಾಯುತ್ತಿದ್ದಳು, ಇಬ್ಬರೂ ನಕ್ಕೆವು. ಆಮೇಲೆ ಮನೆಯವರ ಫೋಟೋ. ಹುಲ್ಲಪ್ಪ ತನ್ನ ಫೋನಿನಿಂದ ತೆಗೆಸಿಕೊಟ್ಟಿದ್ದ. ಅತ್ತೆಯದು ಬಂತು, ‘ಪದ್ಮವ್ವ’ ಅಂದೆ. ಹುಲ್ಲಪ್ಪನದು ಬಂತು, ಅವನ ಹೆಸರನ್ನೂ ಹೇಳಿದೆ. ಮೂರನೆಯದು ನಿಮ್ಮದು. ತಲೆಗೆ ರುಮಾಲು, ಹೆಗಲ ಮೇಲೆ ಮರಿ, ಬಿಸಿಲಿಗೆ ಅರ್ಧ ಮುಚ್ಚಿದ ಕಣ್ಣು. ‘ಇವರ ಹೆಸರು?’ ಅಂದಳು. ನಾನು ನೆಲ ನೋಡಿದೆ. ಮತ್ತೆ ಕೇಳಿದಳು. ಸೆರಗು ಬಾಯಿಗೆ ಇಟ್ಟುಕೊಂಡೆ. ಮೂರನೆಯ ಸಲ ಬಹಳ ಮೆತ್ತಗೆ, ಮಗುವನ್ನು ಕೇಳುವ ಹಾಗೆ ಕೇಳಿದಳು. ನನ್ನ ಬಾಯಿಂದ ಹೊರಡಲಿಲ್ಲ. ಗಂಡನ ಹೆಸರು ಹಿಡಿಯಬಾರದು, ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದವಳು. ಮದುವೆಯಲ್ಲಿ ಒಮ್ಮೆ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಒತ್ತಾಯ ಮಾಡಿದಾಗ ಒಡಪು ಕಟ್ಟಿ ಹೇಳಿದ್ದೆ, ‘ಉತ್ತರಿ ಮಳಿ ಬಿದ್ದು ಹಸರಾತು ಬಯಲ, ಇಂಥವರ ಕಂಬಳಿ ನನಗ ನೆರಳ’ ಎಂದು. ‘ಇಂಥವರ’ ಎಂದಲ್ಲಿ ನಿಮ್ಮ ಹೆಸರು ಇತ್ತು, ನಿಮಗೆ ನೆನಪಿರಬೇಕು. ಒಡಪಿನೊಳಗೆ ಬಂದದ್ದಕ್ಕೆ ದೋಷವಿಲ್ಲ ಅನ್ನುತ್ತಾರೆ. ಬರೀ ಹೆಸರನ್ನು ಬರೀ ಬಾಯಿಂದ ಎಂದೂ ಹೇಳಿದವಳಲ್ಲ.

ಆ ಹುಡುಗಿ ಏನೋ ಬರೆದುಕೊಂಡು ಹೋದಳು. ಮರುದಿನ ನಿಖತ ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಬಂದರು. ‘ಮಲ್ಲಮ್ಮ, ಗಂಡನ ಹೆಸರ ನೆನಪಾಗವಲ್ದೇನು? ಹಂಗಿದ್ರ ನಿಮ್ಮ ಮಾತಿಗಿ ಆಗಲೇ ಪೆಟ್ಟ ಬಿದ್ದೈತಿ ಅಂತ ದೊಡ್ಡ ಡಾಕ್ಟರು ಅಂತಾರ. ಎಚ್ಚರಿಟ್ಟ ಮಾಡೂದು ಬ್ಯಾಡ ಅಂತಾರ.’ ನನಗೆ ನಗು ತಡೆಯಲಾಗಲಿಲ್ಲ. ಆ ದವಾಖಾನೆಯಲ್ಲಿ ನಾನು ಹಾಗೆ ನಕ್ಕದ್ದು ಅದೊಂದೇ ಸಲ. ಅತ್ತೆ ಮೂಲೆಯಿಂದ, ‘ನೆನಪ ಐತ್ರಿ, ಹೇಳಬಾರದ್ರಿ’ ಅಂದರು. ನಿಖತ ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡು ತಾವೂ ನಕ್ಕರು. ಆದರೆ ನಕ್ಕು ಮುಗಿದ ಮೇಲೆ ನನ್ನ ಹತ್ತಿರ ಕೂತು ಹೇಳಿದ ಮಾತು ನಗುವಂಥದ್ದಲ್ಲ. ‘ಅವತ್ತ ಟೇಬಲ್ ಮ್ಯಾಲ ಆ ಫೋಟೋ ಬಂದಾಗ ನೀವು ಸುಮ್ಮನಾದ್ರ, ನಾಚಿ ಸುಮ್ಮನಾದ್ರೋ ಮಾತು ನಿಂತು ಸುಮ್ಮನಾದ್ರೋ ನಮಗ ತಿಳಿಯಂಗಿಲ್ಲ. ನಾಚಿದ್ದಕ್ಕ ಮಾತಿನ ಜಾಗ ಅಂತ ತಿಳದ್ರ ಫಿಟ್ಸ್ ಒಳಗ ಉಳೀತೈತಿ. ಮಾತು ನಿಂತದ್ದಕ್ಕ ನಾಚಿಕಿ ಅಂತ ತಿಳದ್ರ ನಿಮ್ಮ ಮಾತು ಹೋಗ್ತೈತಿ.’ ಶುಕ್ರವಾರ ನೀವು ನನ್ನ ಸುಮ್ಮನಿರುವಿಕೆಯನ್ನು ಸಿಟ್ಟು ಎಂದು ತಿಳಿದದ್ದಕ್ಕೆ ನಾನು ಯಾಕೆ ಇಷ್ಟು ನೊಂದೆ ಎಂದು ಈಗ ಗೊತ್ತಾಯಿತೇ? ಒಡಪಿನಲ್ಲಿ ಹೇಳಿದರೆ ನಡೆಯುತ್ತದೆಯೇ ಎಂದು ಕೇಳಿದೆ. ಕರೆಂಟು ಮುಟ್ಟಿಸುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ನನ್ನ ಒಡಪು ಉತ್ತರಿ ಮಳೆಗೆ ಬರುವಷ್ಟರಲ್ಲೇ ಅದು ಮುಗಿದಿರುತ್ತದೆ ಅಂದರು. ಕೊನೆಗೆ, ‘ಹೋಗ್ಲಿ ಬಿಡ್ರಿ, ಆ ಫೋಟೋ ತಗದ ಎತ್ತಿನ ಚಿತ್ರ ಇಡ್ತೇವಿ’ ಅಂದರು. ನಾನು ಏನು ಹೇಳಿದೆ ಎಂಬುದನ್ನು ಧೈರ್ಯ ಬಂದರೆ ಕೊನೆಗೆ ಬರೆಯುತ್ತೇನೆ.

ನಿನ್ನೆ ಸಂಜೆ ಅತ್ತೆ ಸಜ್ಜೆ ಹಸನು ಮಾಡುತ್ತ ಕೂತಿದ್ದರು. ದವಾಖಾನೆಯಿಂದ ಬಂದಾಗಿನಿಂದ ಆ ಹೆಸರಿನ ವಿಷಯ ಎತ್ತಿರಲಿಲ್ಲ, ಬೀರಪ್ಪನ ಭಂಡಾರ ನನ್ನ ಹಣೆಗೆ ಹಚ್ಚುವಾಗಲೂ. ನಾನು ಡಾಕ್ಟರಿಗೆ ಕೊಟ್ಟ ಉತ್ತರ ಕೇಳಿ ಇವರಿಗೆ ಬೇಜಾರಾಗಿದೆ, ಸೊಸೆ ಮಗನ ಆಯುಷ್ಯಕ್ಕೆ ಕೈ ಹಾಕಿದಳು ಎಂದುಕೊಂಡಿದ್ದಾರೆ ಎಂದು ತಿಳಿದಿದ್ದೆ. ಮೊರದಿಂದ ಕಣ್ಣು ಎತ್ತದೆ ಅಂದರು, ‘ನಾ ನಿಮ್ಮ ಮಾವನ ಹೆಸರ ಒಂದ ದಿನ ಹಿಡೀಲಿಲ್ಲ ಮಲ್ಲಿ. ಹಿಂದಿನಿಂದ ಎತ್ತ ಹಾಯಾಕ ಬಂದಾಗನೂ ಕರೀಲಿಲ್ಲ, ಏ, ಏ ಅಂತ ಒದರಿದೆ. ಆದರೂ ಹ್ವಾದ್ರು. ಈಗ ಒಬ್ಬಾಕಿನ ಇದ್ದಾಗ ಹೇಳಬೇಕಂತೇನಿ. ಬಾಯಾಗ ಬರಂಗಿಲ್ಲ.’ ಇಷ್ಟು ಹೇಳಿ ಮೊರ ಜಾಡಿಸಿ ಒಳಗೆ ಹೋದರು. ಹನ್ನೆರಡು ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಉದ್ದನೆಯ ಮಾತು ಇದು. ಇದನ್ನು ನಿಮಗೆ ಬರೆದೆನೆಂದು ಅವರಿಗೆ ಹೇಳಬೇಡಿ.

ಕಾಕಾನಿಗೆ ಶರಣು ಹೇಳಿ, ಎಲೆ ಅಡಿಕೆ ಬೇರೆ ಗಂಟಿನಲ್ಲಿದೆ. ನಾಯಿಗೆ ಒಂದು ರೊಟ್ಟಿ ನನ್ನ ಹೆಸರಿನಲ್ಲಿ ಹಾಕಿ. ಮುದಗಲ್ ಆಚೆ ಚಳಿ ಹೆಚ್ಚು ಅನ್ನುತ್ತಾರೆ, ನೆಲದ ಮೇಲೆ ಬರೀ ಮೈಯಲ್ಲಿ ಮಲಗಬೇಡಿ. ಬೀರಪ್ಪ ನಿಮ್ಮನ್ನೂ ಹಿಂಡನ್ನೂ ಹೊಟ್ಟೆಯ ಮರಿಗಳನ್ನೂ ಕಾಯಲಿ, ಸಮಯ ಉಳಿದರೆ ನನ್ನ ಕಡೆಗೂ ನೋಡಲಿ.

ಹೊಸ್ತಿಲಲ್ಲಿ ಕೂತಿರುವ ನಿಮ್ಮ
ಮಲ್ಲಮ್ಮ

ತಾ.ಕ.: ಹುಲ್ಲಪ್ಪ ಬೈಕು ಚಾಲೂ ಮಾಡಿ ನಿಂತು ‘ವೈನಿ, ಬಾದಾಮ್ಯಾಗ ಇಳಕಲ್ಲ ಬಸ್ಸ ತಪ್ಪತೈತಿ’ ಎಂದು ಒದರುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಅವನನ್ನು ಬೈಯಿರಿ. ಎತ್ತಿನ ಚಿತ್ರ ಬೇಡ, ಇವರ ಫೋಟೋ ಇರಲಿ ಎಂದೆ ನಿಖತ ಡಾಕ್ಟರಿಗೆ. ಯಾವ ಮಾತು ಹೋಗುತ್ತದೋ ಯಾವುದು ಉಳಿಯುತ್ತದೋ ಯಾರಿಗೆ ಗೊತ್ತು. ಒಮ್ಮೆಯೂ ಕರೆಯದೆ ನಿಮ್ಮ ಹೆಸರನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಇಂದು ಮುಂಜಾನೆ ಅತ್ತೆ ನೀರಿಗೆ ಹೋದಾಗ ಹಿತ್ತಲಿನ ಖಾಲಿ ಕುರಿದೊಡ್ಡಿಯಲ್ಲಿ ನಿಂತು ರೂಢಿ ಮಾಡಿಕೊಂಡೆ. ಮೊದಲು ದನಿ ಹೊರಡಲಿಲ್ಲ. ಆಮೇಲೆ ಹೊರಟಿತು. ಅಮಸಿದ್ದಪ್ಪ. ಇಷ್ಟು ಸಣ್ಣ ಕೆಲಸವಾಗಿತ್ತು. ದೊಡ್ಡಿಯಲ್ಲಿ ಯಾರೂ ಇರಲಿಲ್ಲ, ಯಾರೂ ಓ ಅನ್ನಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಬರುವ ಸೋಮವಾರ ಮುಂಜಾನೆ ನನ್ನನ್ನು ಎಬ್ಬಿಸಿ ನಿಮ್ಮ ಫೋಟೋ ಹಿಡಿಯುತ್ತಾರೆ. ಕುರಿ ಮರಿ ಹಾಕುವ ಹೊತ್ತು, ನೀವು ಬರಲಾಗದಿದ್ದರೆ ನಡೆಯುತ್ತದೆ ಎಂದು ಬರೆಯಬೇಕೆಂದಿದ್ದೆ, ಅದು ಸುಳ್ಳು, ನೀವು ಬರುವುದು ನನಗೆ ಭಾಳ ಬೇಕು. ಬರಲು ಆಗದೇ ಹೋದರೆ ಆ ಮುಂಜಾನೆ ಯಾವ ಹೊಲದಲ್ಲಿದ್ದರೂ ಈ ದಿಕ್ಕಿಗೆ ಮುಖ ಮಾಡಿ ಒಮ್ಮೆ ಗಟ್ಟಿಯಾಗಿ ಓ ಅನ್ನಿರಿ. ಕರೆದ ಹೆಸರಿಗೆ ಓ ಅಂದರೆ ಆಯುಷ್ಯ ಕಡಿಮೆಯಾಗುವುದಿಲ್ಲ ಎಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡಿದ್ದೇನೆ. ನನಗೆ ಕೇಳಿಸುವುದಿಲ್ಲ. ಆದರೂ ಅನ್ನಿರಿ.